ಸುದ್ದಿ ಫೋಟೋ: ಎಷ್ಟು ತಿದ್ದಬಹುದು, ಎಲ್ಲಿ ಕೈ ತೆಗೆಯಬೇಕು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಪತ್ರಿಕೆಗಳಿಗೆ ಫೋಟೋ ಕಳಿಸುವ ಎಷ್ಟೋ ಜನರದ್ದು ಸ್ವಂತ ಸ್ಟುಡಿಯೋ. ಬೆಳಿಗ್ಗೆ ಮದುವೆ, ಮಧ್ಯಾಹ್ನ ಹೆದ್ದಾರಿಯಲ್ಲಿ ಅಪಘಾತ, ಸಂಜೆ ಸನ್ಮಾನ. ಎಲ್ಲದಕ್ಕೂ ಒಂದೇ ಕ್ಯಾಮೆರಾ, ಒಂದೇ ಕಂಪ್ಯೂಟರ್, ಒಂದೇ ಫೋಟೋಶಾಪ್. ಮದುಮಗಳ ಕೆನ್ನೆಯ ಕಲೆ ಅಳಿಸಿದ ಕೈಯೇ ಸ್ವಲ್ಪ ಹೊತ್ತಿಗೆ ಕುಸಿದ ಗುಡ್ಡದ ಫೋಟೋ ತೆರೆಯುತ್ತದೆ. ಅಲ್ಲೂ ಅದೇ ಬ್ರಶ್ ಓಡಿಸಬಾರದು. ಮದುವೆ ಆಲ್ಬಂ ಹೇಗಿರಬೇಕು ಅಂತ ಹೇಳುವ ಹಕ್ಕು ಮನೆಯವರಿಗಿದೆ. ಸುದ್ದಿ ಫೋಟೋ ಹೇಗಿರಬೇಕು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಅದು ಹೇಗಿತ್ತೋ ಹಾಗೇ ಇರಬೇಕು.

ಈಗ ಸ್ಟುಡಿಯೋವೂ ಬೇಡ. ಫೋನಿನಲ್ಲೇ ಬೆರಳಿನಿಂದ ಒಂದು ಸುತ್ತು ಹಾಕಿದರೆ ಸಾಕು, ನಿಂತಿದ್ದ ಮನುಷ್ಯ ಮಾಯವಾಗುತ್ತಾನೆ. ಹಾಗಾಗಿ ಈ ಬರಹ ವರದಿಗಾರರಿಗೆ ಮಾತ್ರ ಅಲ್ಲ. ಊರಿನ ಸುದ್ದಿ ಗ್ರೂಪ್ ನಡೆಸುವವರು, ಮಳೆಗಾಲದಲ್ಲಿ ಮನೆ ಮುಂದಿನ ಹೊಳೆಯ ಫೋಟೋ ತೆಗೆದು ಪತ್ರಿಕೆಗೆ ಕಳಿಸುವವರು, ಎಲ್ಲರಿಗೂ.

ನಾನು ನಂಬುವ ಪರೀಕ್ಷೆ ಒಂದೇ. ಆ ಹೊತ್ತಿಗೆ ಅಲ್ಲೇ ನಿಂತಿದ್ದವರು ನಾಳೆ ಈ ಫೋಟೋ ನೋಡಿದರೆ ‘ಹೌದು, ಹೀಗೇ ಇತ್ತು’ ಅನ್ನುತ್ತಾರಾ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಬರೀ ಬಾಯಿಮಾತಲ್ಲ. ಕಾರವಾರದ ಬೈತಖೋಲ್ ಬಂದರಿನ ಫೋಟೋ ಹಾಕಿದರೆ ಮೊದಲು ನೋಡುವವರು ಬೈತಖೋಲ್‌ನವರೇ. ಯಾವ ದೋಣಿ ಎಲ್ಲಿತ್ತು ಅಂತ ಅವರಿಗೆ ಗೊತ್ತು.

ತೆಗೆಯುವ ಮೊದಲು: ಫೋನಿನ ಸೆಟ್ಟಿಂಗ್

ನೀವು ಏನೂ ತಿದ್ದದೇ ಇದ್ದರೂ ಫೋನ್ ತಾನೇ ತಿದ್ದಿರುತ್ತದೆ. ಹುಲ್ಲು ಕಂಡರೆ ಹಸಿರು ಜಾಸ್ತಿ ಮಾಡುತ್ತದೆ, ಮುಖ ಕಂಡರೆ ಚರ್ಮ ನುಣುಪು ಮಾಡುತ್ತದೆ. 2023ರಲ್ಲಿ ಒಬ್ಬರು ಕಂಪ್ಯೂಟರ್ ಪರದೆಯ ಮೇಲೆ ಬೇಕಂತಲೇ ಮಸುಕು ಮಾಡಿಟ್ಟ ಚಂದ್ರನ ಚಿತ್ರವನ್ನು ಸ್ಯಾಮ್‌ಸಂಗ್ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಮಸುಕು ಚಿತ್ರದಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದಿದ್ದವು.

ಆದ್ದರಿಂದ ಸುದ್ದಿಗೆ ಹೊರಡುವ ಮೊದಲು ಕ್ಯಾಮೆರಾ ಸೆಟ್ಟಿಂಗ್ ತೆರೆದು ಬ್ಯೂಟಿ ಮೋಡ್, ಫಿಲ್ಟರ್, ಎಐ ಅಥವಾ ದೃಶ್ಯ ಸುಧಾರಣೆ ಅಂತ ಇರುವುದನ್ನೆಲ್ಲ ಆಫ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ, ಎಷ್ಟೋ ಸಲ ಕಿವಿ, ಕೊಡೆಯ ಅಂಚು ಎಲ್ಲ ಕತ್ತರಿಸಿ ಹೋಗಿರುತ್ತದೆ. ಡಿಜಿಟಲ್ ಜೂಮ್ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಫೋನಿನ ದಿನಾಂಕ, ಸಮಯ ಸರಿ ಇದೆಯಾ ನೋಡಿ. ಕ್ಯಾಮೆರಾದಲ್ಲಿ ಇದನ್ನು ಮರೆಯುವವರು ಬಹಳ.

ಜಾಗದಲ್ಲಿ ಇನ್ನೊಂದು ವಿಷಯ. ‘ಇನ್ನೊಂದ್ ಸಲ ಬಲೆ ಎಳೀರಿ’, ‘ಸ್ವಲ್ಪ ಅಳೋ ಥರ ಮಾಡಿ’ ಅಂತ ಹೇಳಿ ತೆಗೆದ ಫೋಟೋದಲ್ಲಿ ಒಂದು ಚುಕ್ಕಿಯನ್ನೂ ತಿದ್ದಿರುವುದಿಲ್ಲ. ಆದರೂ ಅದು ಸುಳ್ಳು ಫೋಟೋ. ರಂಪಣಿ ಬಲೆ ಎಳೆಯುವವರ ಪರಿಚಯ ಲೇಖನಕ್ಕೆ ಅವರನ್ನು ನಿಲ್ಲಿಸಿ ಫೋಟೋ ತೆಗೆದರೆ ತೊಂದರೆ ಇಲ್ಲ, ನಿಲ್ಲಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ‘ಇವತ್ತು ಬೆಳಿಗ್ಗೆ ಮೀನುಗಾರರು’ ಅಂತ ಬರೆಯುವ ಫೋಟೋಕ್ಕೆ ಅದು ಸಲ್ಲದು.

ಮೂಲ ಫೈಲನ್ನು ಮುಟ್ಟಬೇಡಿ

ಮನೆಗೆ ಬಂದ ಕೂಡಲೇ ಎಲ್ಲ ಫೋಟೋಗಳನ್ನೂ ದಿನಾಂಕ, ಊರಿನ ಹೆಸರು ಹಾಕಿದ ಫೋಲ್ಡರಿಗೆ ನಕಲು ಮಾಡಿ. ತಿದ್ದುವುದೆಲ್ಲ ಇನ್ನೊಂದು ನಕಲಿನ ಮೇಲೆ. ಚೆನ್ನಾಗಿ ಬಾರದ ಫ್ರೇಮ್‌ಗಳನ್ನೂ ಅಳಿಸಬೇಡಿ. ಯಾರಾದರೂ ಅನುಮಾನ ಎತ್ತಿದರೆ ಹಿಂದಿನ ಫ್ರೇಮ್, ಮುಂದಿನ ಫ್ರೇಮ್ ತೋರಿಸುವುದಕ್ಕಿಂತ ಗಟ್ಟಿ ಉತ್ತರ ಬೇರೆ ಇಲ್ಲ.

ಪತ್ರಿಕೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಯಾವಾಗ ತೆಗೆದದ್ದು, ಯಾವ ಕ್ಯಾಮೆರಾ ಅನ್ನುವ ಒಳಗಿನ ಮಾಹಿತಿಯೂ ಹೋಗುತ್ತದೆ. ನಮ್ಮಲ್ಲಿ ಈಗ ಫೋಟೋ ಕೆಳಗೆ ಸ್ಥಳ, ನಕ್ಷೆ, ಸಮಯ ಅಚ್ಚಾಗುವ ಆ್ಯಪ್ ಬಳಸುವವರು ಜಾಸ್ತಿ. ಒಳ್ಳೆಯದೇ. ಆದರೆ ಅದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಕೆಲವು ಆ್ಯಪ್‌ಗಳಲ್ಲಿ ಆ ಸ್ಥಳ, ಸಮಯವನ್ನು ಕೈಯಲ್ಲೇ ಬದಲಿಸಬಹುದು.

ಬಣ್ಣ ಮತ್ತು ಬೆಳಕು

ಇಲ್ಲೇ ಹೆಚ್ಚು ಜನ ಜಾರುವುದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸಾಮಾನ್ಯವಾಗಿ ಒಪ್ಪುವ ತಿದ್ದುಪಡಿಗಳು ಇವು: ಕಪ್ಪಾಗಿ ಬಂದಿದ್ದರೆ ಬೆಳಕು ಸ್ವಲ್ಪ ಏರಿಸುವುದು, ಓರೆಯಾದ ದಿಗಂತ ನೇರ ಮಾಡುವುದು, ಕ್ಯಾಮೆರಾದೊಳಗಿನ ಸೆನ್ಸರ್ ಮೇಲಿನ ಧೂಳಿನ ಚುಕ್ಕಿ ತೆಗೆಯುವುದು, ಬಣ್ಣ ಸರಿಹೊಂದಿಸುವುದು. ಕೊನೆಯದ್ದು ಕೇಳಲು ಸಾದಾ ಅನಿಸುತ್ತದೆ. ಸಾದಾ ಅಲ್ಲ.

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಎಲೆಚುಕ್ಕಿ ರೋಗದ ಫೋಟೋ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಇಲ್ಲಿ ಬಣ್ಣವೇ ಸುದ್ದಿ. ಸೋಗೆಯ ಮೇಲೆ ಎಷ್ಟು ಚುಕ್ಕಿ, ಎಷ್ಟು ಹಳದಿ, ಎಷ್ಟು ಒಣಗಿದ್ದು, ಅಷ್ಟೇ ವಿಷಯ. ತೋಟದ ಒಳಗಿನ ಬೆಳಕೇ ಹಸಿರು. ಕ್ಯಾಮೆರಾ ಅದನ್ನು ತಾನೇ ಸರಿಮಾಡಲು ಹೋಗಿ ಕೆಂಪು ಕಡೆಗೆ ಎಳೆಯುತ್ತದೆ, ಆಗ ಆರೋಗ್ಯವಾಗಿದ್ದ ಸೋಗೆಯೂ ಹಳದಿಗೆ ತಿರುಗಿದ ಹಾಗೆ ಕಾಣುತ್ತದೆ. ಅದರ ಮೇಲೆ ನೀವು ‘ಎದ್ದು ಕಾಣಲಿ’ ಅಂತ ಬಣ್ಣ ಏರಿಸಿದರೆ ಅರ್ಧ ರೋಗ ಇದ್ದ ತೋಟ ಪೂರ್ತಿ ಹೋದ ತೋಟ ಆಗುತ್ತದೆ. ಆ ಫೋಟೋ ನೋಡಿ ಪಕ್ಕದೂರಿನ ಬೆಳೆಗಾರ ಗಾಬರಿಯಾಗುತ್ತಾನೆ. ಪರಿಹಾರ ಕೇಳಲು ಹೋದ ತೋಟದ ಮಾಲೀಕನಿಗೂ ತೊಂದರೆ, ನೋಡಲು ಬಂದ ಅಧಿಕಾರಿ ‘ಫೋಟೋದಲ್ಲಿ ಇದ್ದಷ್ಟು ಇಲ್ವಲ್ಲ’ ಅನ್ನುತ್ತಾರೆ.

ಇದಕ್ಕೊಂದು ಸುಲಭ ಉಪಾಯ ಇದೆ. ಅದೇ ಬೆಳಕಿನಲ್ಲಿ, ಅದೇ ಮರದ ಬುಡದಲ್ಲಿ ಒಂದು ಬಿಳಿ ಹಾಳೆ ಹಿಡಿದು ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ. ಆಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ಸರಿಹೊಂದಿಸುವಾಗ ಆ ಹಾಳೆ ಬಿಳಿಯಾಗುವಷ್ಟೇ ತಿದ್ದಿ, ಅಲ್ಲಿಗೆ ನಿಲ್ಲಿಸಿ. ಅಳತೆ ನಿಮ್ಮ ಕಣ್ಣಿನದ್ದಲ್ಲ, ಹಾಳೆಯದ್ದು. ತೋಟದವರಿಗೆ ಅಲ್ಲೇ ಪರದೆ ತೋರಿಸಿ ‘ಬಣ್ಣ ಹೀಗೇ ಇದ್ಯಾ?’ ಅಂತ ಕೇಳುವುದು ಇನ್ನೂ ಒಳ್ಳೆಯದು.

ಕರಾವಳಿಯ ಮಣ್ಣಿಗೂ ಇದೇ ಮಾತು. ಗುಡ್ಡ ಕುಸಿದಾಗ ಚಿರೇಕಲ್ಲಿನ ಕೆಂಪು ಮಣ್ಣನ್ನು ಜಾಸ್ತಿ ಕೆಂಪು ಮಾಡಿ, ಆಕಾಶವನ್ನು ಕಪ್ಪು ಮಾಡಿ ಹಾಕುವವರಿದ್ದಾರೆ. ಮಳೆಗಾಲದ ಮಧ್ಯಾಹ್ನ ಬೂದು ಬಣ್ಣದ್ದು, ಮಂಕು. ಅದು ಮಂಕಾಗಿಯೇ ಕಾಣಲಿ.

ಬರೀ ಬೆಳಕು ಬದಲಿಸಿದರೂ ಅರ್ಥ ಬದಲಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಒಂದಿದೆ. 1994ರ ಜೂನ್‌ನಲ್ಲಿ ಅಮೆರಿಕದ ಟೈಮ್ ಮತ್ತು ನ್ಯೂಸ್‌ವೀಕ್ ಎರಡೂ ಕೊಲೆ ಆರೋಪ ಹೊತ್ತಿದ್ದ ಮಾಜಿ ಆಟಗಾರ ಒ.ಜೆ. ಸಿಂಪ್ಸನ್ ಅವರ ಒಂದೇ ಪೊಲೀಸ್ ಫೋಟೋವನ್ನು ಮುಖಪುಟಕ್ಕೆ ಹಾಕಿದವು. ಟೈಮ್ ಅವರ ಮುಖವನ್ನು ಕಪ್ಪು ಮಾಡಿತ್ತು. ಎರಡೂ ಪತ್ರಿಕೆ ಅಂಗಡಿಯಲ್ಲಿ ಅಕ್ಕಪಕ್ಕ ಇದ್ದವು. ಇನ್ನೂ ವಿಚಾರಣೆಯೇ ಆಗದ ಒಬ್ಬ ಕಪ್ಪು ಮನುಷ್ಯನನ್ನು ಹೆಚ್ಚು ಭಯಂಕರವಾಗಿ ತೋರಿಸಿದ್ದೀರಿ ಅಂತ ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾಗಿತ್ತು. ಠಾಣೆಯ ಮುಂದೆ ನಿಲ್ಲಿಸಿದ ಆರೋಪಿಗಳ ಫೋಟೋ ತಿದ್ದುವಾಗ ನಾವೂ ಇದನ್ನು ನೆನಪಿಡಬೇಕು.

ಕ್ಯಾಮೆರಾ ಕಣ್ಣಿಗಿಂತ ಹೆಚ್ಚು ಕಾಣುವ ಸಂದರ್ಭವೂ ಇದೆ. ಕೆಲವು ಸಲ ನಮ್ಮ ಕಡಲತೀರದಲ್ಲಿ ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತದೆ. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿಯಿಂದಲೂ ಹಾಗಾಗುತ್ತದೆ. ಶಟರ್ ಹತ್ತು ಸೆಕೆಂಡ್ ತೆರೆದಿಟ್ಟರೆ ಇಡೀ ದಡ ನೀಲಿ. ಕಣ್ಣಿಗೆ ಕಂಡದ್ದು ಮಿಂಚಿ ಹೋಗುವ ಒಂದು ಗೆರೆ ಮಾತ್ರ. ಫೋಟೋ ಹಾಕಿ, ತಪ್ಪಿಲ್ಲ. ಆದರೆ ಶಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ಅಡಿಬರಹದಲ್ಲಿ ಬರೆಯಿರಿ.

ಕತ್ತರಿಸುವುದು ಮತ್ತು ಲೆನ್ಸ್

ಕ್ರಾಪ್ ಮಾಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಕ್ರಾಪ್‌ನಿಂದ ಹೊರಗೆ ಹೋದದ್ದು ಏನು ಅನ್ನುವುದೇ ಪ್ರಶ್ನೆ.

2024ರ ಆಗಸ್ಟ್ 7ರ ನಸುಕಿಗೂ ಮೊದಲು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿದರು. ಪಕ್ಕದ ಹೊಸ ಸೇತುವೆ ನಿಂತೇ ಇತ್ತು. ಈಗ ಯೋಚಿಸಿ. ಮುರಿದ ಭಾಗವನ್ನಷ್ಟೇ ಬಿಗಿಯಾಗಿ ಕತ್ತರಿಸಿ ‘ಕಾಳಿ ಸೇತುವೆ ಕುಸಿತ’ ಅಂತ ಹಾಕಿದರೆ ಸಂಜೆ ಗೋವಾದಿಂದ ಮನೆಗೆ ಬರಬೇಕಾದವರು ಏನಂದುಕೊಳ್ಳುತ್ತಾರೆ? ದಾರಿಯೇ ಹೋಯಿತು ಅಂತ ತಾನೇ? ಎರಡೂ ಸೇತುವೆ ಕಾಣುವ ಒಂದು ಅಗಲದ ಫೋಟೋ ಜೊತೆಗೆ ಇದ್ದರೆ ಆ ಗೊಂದಲವೇ ಇಲ್ಲ. ಬಿಗಿ ಕ್ರಾಪ್ ಬೇಕಿದ್ದರೆ ಹಾಕಿ, ಅಗಲದ್ದನ್ನು ಬಿಡಬೇಡಿ.

ಕಡಲ್ಕೊರೆತದ ಫೋಟೋದಲ್ಲಿ ಲೆನ್ಸೇ ಆ ಕೆಲಸ ಮಾಡುತ್ತದೆ. ದೂರದಿಂದ ಉದ್ದ ಲೆನ್ಸ್ ಹಾಕಿ ತೆಗೆದರೆ ಅಲೆ ಮತ್ತು ಮನೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಮಧ್ಯದಲ್ಲಿ ನಿಜವಾಗಿ ಎಷ್ಟು ಮಾರು ಜಾಗ ಇದೆ ಅನ್ನುವುದು ಮಾಯ. ನಡೆದು ನೋಡಿ, ಅಂದಾಜು ದೂರವನ್ನು ಅಡಿಬರಹದಲ್ಲಿ ಹಾಕಿ. ಪಕ್ಕದಿಂದಲೂ ಒಂದು ಫ್ರೇಮ್ ತೆಗೆಯಿರಿ.

ಇಲ್ಲಿ ಬ್ರಶ್ ಬೇಡ

ಸೇರಿಸುವುದು, ಅಳಿಸುವುದು, ಜಾಗ ಬದಲಿಸುವುದು, ಎರಡು ಫೋಟೋ ಕೂಡಿಸುವುದು, ಆಕಾಶ ಬದಲಿಸುವುದು, ಅಂಚನ್ನು ಎಐಯಿಂದ ಬೆಳೆಸುವುದು. ಇವು ಸುದ್ದಿ ಫೋಟೋದಲ್ಲಿ ಇಲ್ಲ. ಸ್ವಲ್ಪವೂ ಇಲ್ಲ. ‘ಅರ್ಥ ಬದಲಾಗಲ್ವಲ್ಲ, ಸುಮ್ನೆ ಚಂದ ಕಾಣಲಿ ಅಂತ’ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದಕ್ಕೆ ಈ ಎರಡು ಘಟನೆ ನೋಡಿ.

2003ರಲ್ಲಿ ಇರಾಕ್ ಯುದ್ಧದ ಹೊತ್ತು. ಲಾಸ್ ಏಂಜಲೀಸ್ ಟೈಮ್ಸ್‌ನ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಬಸ್ರಾದ ಹತ್ತಿರ ಕೆಲವೇ ಕ್ಷಣಗಳ ಅಂತರದಲ್ಲಿ ಹಲವು ಫೋಟೋ ತೆಗೆದರು. ಒಂದರಲ್ಲಿ ಬ್ರಿಟಿಷ್ ಸೈನಿಕ ಕೈ ಮಾಡಿ ಜನರನ್ನು ಕೂರಿಸುತ್ತಿರುವುದು ಚೆನ್ನಾಗಿತ್ತು. ಇನ್ನೊಂದರಲ್ಲಿ ಮಗು ಎತ್ತಿಕೊಂಡು ನಿಂತ ಮನುಷ್ಯ ಚೆನ್ನಾಗಿದ್ದ. ಎರಡನ್ನೂ ಕೂಡಿಸಿ ಒಂದು ಮಾಡಿದರು. ಮಾರ್ಚ್ 31ರಂದು ಮುಖಪುಟದಲ್ಲಿ ಬಂತು. ಆ ಸೈನಿಕನೂ ನಿಜ, ಆ ತಂದೆಯೂ ನಿಜ, ಜಾಗವೂ ನಿಜ. ಆದರೆ ಹಿನ್ನೆಲೆಯಲ್ಲಿ ಕೂತಿದ್ದ ಕೆಲವರು ಎರಡೆರಡು ಸಲ ಕಾಣುತ್ತಿದ್ದರು. ಅದೇ ಫೋಟೋ ಬಳಸಿದ್ದ ಹಾರ್ಟ್‌ಫರ್ಡ್ ಕೊರಾಂಟ್ ಪತ್ರಿಕೆಯ ಸಿಬ್ಬಂದಿಯೊಬ್ಬರು ಇದನ್ನು ಕಂಡುಹಿಡಿದರು. ವಾಲ್ಸ್ಕಿ ಕೆಲಸ ಹೋಯಿತು. ಸೈನಿಕನ ಬಂದೂಕು ಮಗು ಎತ್ತಿಕೊಂಡವನ ಕಡೆಗೇ ಇದೆ ಅನ್ನುವ ಹಾಗೆ ಆ ಕೂಡಿಸಿದ ಫೋಟೋ ಕಾಣುತ್ತಿತ್ತು. ಯಾವ ಕ್ಷಣದಲ್ಲೂ ನಡೆಯದ ಒಂದು ಘಟನೆ ಹಾಗೆ ಹುಟ್ಟಿತು.

ಎರಡನೆಯದು ಇನ್ನೂ ಚಿಕ್ಕ ತಿದ್ದುಪಡಿ. 2013ರಲ್ಲಿ ಸಿರಿಯಾದ ಹೋರಾಟಗಾರನೊಬ್ಬನ ಫೋಟೋದ ಮೂಲೆಯಲ್ಲಿ ಸಹೋದ್ಯೋಗಿಯ ವಿಡಿಯೋ ಕ್ಯಾಮೆರಾ ಬಂದಿತ್ತು. ಅಸೋಸಿಯೇಟೆಡ್ ಪ್ರೆಸ್ (ಎಪಿ) ಎಂಬ ಸುದ್ದಿಸಂಸ್ಥೆಗೆ ಕೆಲಸ ಮಾಡುತ್ತಿದ್ದ ನಾರ್ಸಿಸೊ ಕಾಂಟ್ರೆರಾಸ್ ಅದನ್ನು ಅಳಿಸಿ ಕಳಿಸಿದರು. ಅದೇ ವರ್ಷ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಗೆದ್ದ ತಂಡದಲ್ಲಿ ಇದ್ದವರು ಅವರು. 2014ರ ಜನವರಿಯಲ್ಲಿ ಸಂಸ್ಥೆ ಅವರ ಜೊತೆಗಿನ ಸಂಬಂಧ ಕಡಿದುಕೊಂಡಿತು. ಅವರ ಉಳಿದ ಫೋಟೋಗಳನ್ನು ಪರಿಶೀಲಿಸಿದಾಗ ಬೇರೆ ಯಾವುದರಲ್ಲೂ ತಿದ್ದುಪಡಿ ಸಿಗಲಿಲ್ಲ. ಆದರೂ ಎಲ್ಲವನ್ನೂ ಸಂಗ್ರಹದಿಂದ ಮಾರಾಟಕ್ಕೆ ಇಲ್ಲದ ಹಾಗೆ ತೆಗೆದರು.

ಕಠಿಣ ಅನಿಸುತ್ತದೆ, ಅಲ್ವಾ? ನನಗೆ ಸರಿ ಅನಿಸುತ್ತದೆ. ಮೂಲೆಯ ಕ್ಯಾಮೆರಾ ಅಳಿಸಬಹುದು ಅಂದರೆ ಮೂಲೆಯ ಮನುಷ್ಯನನ್ನೂ ಅಳಿಸಬಹುದು. ಗೆರೆ ಎಲ್ಲಿ ಎಳೆಯುವುದು? ಫೋಟೋದ ಮೂಲೆಯಲ್ಲಿ ಕಸದ ಬುಟ್ಟಿ, ವಿದ್ಯುತ್ ತಂತಿ, ಪಕ್ಕದ ಫೋಟೋಗ್ರಾಫರ್ ಮೊಣಕೈ ಬಂದರೆ ಇರಲಿ. ಅಥವಾ ಇನ್ನೊಂದು ಫ್ರೇಮ್ ಆರಿಸಿ.

ಮುಖ ಮರೆಮಾಡಲೇಬೇಕಾದಾಗ

ತಿದ್ದದೇ ಇದ್ದರೆ ತಪ್ಪಾಗುವ ಜಾಗವೂ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಗೆ ಬರುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ತಡೆಯುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಇನ್ನೂ ಬಿಗಿ: ಹೆಸರು, ಫೋಟೋ ಮಾತ್ರ ಅಲ್ಲ, ವಿಳಾಸ, ಮನೆಯವರು, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದೂ ಬರಬಾರದು. ಕಾನೂನಿನ ಜೊತೆ ಸಂಘರ್ಷಕ್ಕೆ ಒಳಗಾದ ಮಕ್ಕಳಿಗೂ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಹಳ್ಳಿಯಲ್ಲಿ ಮುಖ ಮಸುಕು ಮಾಡಿದರೆ ಸಾಲದು. ಕೇರಿಯ ಕೊನೆಯ ಹಂಚಿನ ಮನೆ, ಅಂಗಳದ ತುಳಸಿಕಟ್ಟೆ, ಗೇಟಿನ ಬಣ್ಣ ಇಷ್ಟರಲ್ಲೇ ಊರವರಿಗೆ ಯಾರ ಮನೆ ಅಂತ ಗೊತ್ತಾಗುತ್ತದೆ. ಯೂನಿಫಾರಂ ಬಣ್ಣದಿಂದ ಶಾಲೆ ಗೊತ್ತಾಗುತ್ತದೆ. ಇಂಥ ಸುದ್ದಿಗೆ ಮನೆಯ ಫೋಟೋವೇ ಬೇಡ. ಬೇರೆ ಸುದ್ದಿಯಲ್ಲಿ ಮುಖ ಮರೆಮಾಡುವುದಾದರೆ ತೆಳುವಾದ ಮಸುಕು ಬೇಡ, ಪೂರ್ತಿ ಮುಚ್ಚುವ ಗಟ್ಟಿ ಪಟ್ಟಿ ಹಾಕಿ. ಮರೆಮಾಡಿದ್ದು ನೋಡುವವರಿಗೆ ಗೊತ್ತಾಗಬೇಕು. ಬೇರೆ ಮುಖ ತಂದು ಕೂರಿಸುವ ಆ್ಯಪ್‌ಗಳು ಬಂದಿವೆ, ಅವು ಬೇಡವೇ ಬೇಡ. ಮುಚ್ಚದ ಮೂಲ ಫೋಟೋವನ್ನು ಯಾವ ಗ್ರೂಪಿಗೂ ಹಾಕಬೇಡಿ, ‘ನಮ್ಮವರೇ ಇರುವ ಗ್ರೂಪ್’ ಆದರೂ ಸರಿ.

ಬೇರೆಯವರು ಕಳಿಸಿದ ಫೋಟೋ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನ್ ತುಂಬ ನೆರೆ, ಕುಸಿತ, ಮರ ಬಿದ್ದ ಫೋಟೋಗಳು. ಹೆಚ್ಚಿನ ಸುಳ್ಳು ಫೋಟೋಗಳಲ್ಲಿ ಏನೂ ತಿದ್ದಿರುವುದಿಲ್ಲ, ಬೇರೆ ವರ್ಷದ್ದೋ ಬೇರೆ ಊರಿನದ್ದೋ ಆಗಿರುತ್ತವೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದ ಫೋಟೋ ಈ ವರ್ಷದ ಜುಲೈಯಲ್ಲಿ ಹರಿದಾಡಿದರೆ ದಂಡೆಯ ಜನ ರಾತ್ರೋರಾತ್ರಿ ಮನೆ ಬಿಡಬಹುದು.

ಹಾಕುವ ಮೊದಲು ಹೀಗೆ ಮಾಡಿ. ಕಳಿಸಿದವರಿಗೆ ಫೋನ್ ಮಾಡಿ, ‘ನೀವೇ ತೆಗೆದಿದ್ದಾ?’ ಅಂತ ಕೇಳಿ. ಹೌದು ಅಂದರೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಜೊತೆಗೆ ಹಿಂದೆ ಮುಂದೆ ತೆಗೆದ ಇನ್ನೆರಡು ಫ್ರೇಮ್ ಕೇಳಿ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಳೆಯ ಫೋಟೋನಾ ನೋಡಿ. ಆಮೇಲೆ ಕಣ್ಣಿಟ್ಟು ನೋಡಿ: ವಾಹನದ ನಂಬರ್ ಏನು? ಕೆಎ-30 ಕಾರವಾರ, ಕೆಎ-31 ಶಿರಸಿ, ಕೆಎ-47 ಹೊನ್ನಾವರ. ಹೊರಗಿನ ಗಾಡಿ ಇರಬಾರದು ಅಂತಲ್ಲ, ಆದರೆ ಎಲ್ಲವೂ ಬೇರೆ ರಾಜ್ಯದ್ದಾದರೆ ನಿಲ್ಲಿ. ಬಸ್ ವಾಯವ್ಯ ಸಾರಿಗೆಯದ್ದಾ? ಅಂಗಡಿಯ ಬೋರ್ಡ್ ಯಾವ ಭಾಷೆಯದ್ದು? ಕೊನೆಗೆ ಆ ಊರಿನ ಇನ್ನೊಬ್ಬರಿಗೆ ಫೋಟೋ ತೋರಿಸಿ ಕೇಳಿ. ನನ್ನ ಮಟ್ಟಿಗೆ ಎಲ್ಲ ಸಾಫ್ಟ್‌ವೇರ್‌ಗಿಂತ ಇದೇ ಮೇಲು.

ಎಐಯಿಂದ ಮಾಡಿದ ಚಿತ್ರವನ್ನು ಘಟನೆಯ ಫೋಟೋ ಆಗಿ ಬಳಸುವುದು ಯಾವ ಕಾರಣಕ್ಕೂ ಬೇಡ. ಬೇರೆ ಲೇಖನಕ್ಕೆ ಬಳಸಿದರೆ ‘ಎಐ ಚಿತ್ರ’ ಅಂತ ಚಿತ್ರದ ಮೇಲೆಯೇ ಅಚ್ಚಾಗಲಿ. ಅಡಿಬರಹದಲ್ಲಿ ಮಾತ್ರ ಬರೆದರೆ ಫಾರ್ವರ್ಡ್ ಆಗುವಾಗ ಚಿತ್ರ ಮಾತ್ರ ಮುಂದೆ ಹೋಗುತ್ತದೆ, ಬರಹ ಹಿಂದೆಯೇ ಉಳಿಯುತ್ತದೆ.

ಅಡಿಬರಹ

ಯಾರು, ಎಲ್ಲಿ, ಯಾವ ದಿನ ತೆಗೆದದ್ದು. ದಿನ ಬಿಡಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆ ಕುಸಿತಕ್ಕೆ ಸಿಕ್ಕಿ ಗಂಗಾವಳಿ ನದಿಯಲ್ಲಿ ಮುಳುಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟೂ ಕಾಲ ಅದೊಂದೇ ಜಾಗ ಸುದ್ದಿಯಲ್ಲಿತ್ತು. ನದಿಯ ಮಟ್ಟ ಬೇರೆ ಆಗುತ್ತಿತ್ತು, ಮಣ್ಣಿನ ರಾಶಿ ಬೇರೆ ಆಗುತ್ತಿತ್ತು. ಇಂಥ ಕಡೆ ಜುಲೈ ಫೋಟೋ ಸೆಪ್ಟೆಂಬರ್ ಸುದ್ದಿಗೆ ದಿನಾಂಕ ಇಲ್ಲದೆ ಹೋದರೆ ಮನೆಯವರ ದಾರಿ ಕಾಯುತ್ತಿರುವ ಕುಟುಂಬಕ್ಕೆ ಸುಳ್ಳು ಹೇಳಿದ ಹಾಗೆ. ಹಳೆಯದಾದರೆ ‘ಸಂಗ್ರಹ ಚಿತ್ರ’ ಅಂತ ಹಾಕಿ, ವರ್ಷವನ್ನೂ ಹಾಕಿ. ಘಟನೆಗೆ ಸಂಬಂಧವೇ ಇಲ್ಲದ ಫೋಟೋ ಆದರೆ ‘ಸಾಂದರ್ಭಿಕ ಚಿತ್ರ’. ಅದರಲ್ಲಿ ಗುರುತು ಸಿಗುವ ಮುಖ ಇರಬಾರದು. ಕುಡಿತದ ಲೇಖನಕ್ಕೆ ಸಂತೆಯಲ್ಲಿ ನಿಂತ ಯಾರದ್ದೋ ಮುಖ ಹಾಕಿದರೆ ಆ ಮನುಷ್ಯ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ವೇದಿಕೆ ಫೋಟೋದ ಒತ್ತಡ

ನಮ್ಮಲ್ಲಿ ತಿದ್ದುವ ಒತ್ತಡ ಯುದ್ಧದ ಫೋಟೋಗೆ ಬರುವುದಿಲ್ಲ, ಸನ್ಮಾನದ ಫೋಟೋಗೆ ಬರುತ್ತದೆ. ‘ಅಧ್ಯಕ್ಷರು ಬೇಗ ಹೋದರು, ಸೇರಿಸಿಬಿಡಿ’, ‘ಅವರನ್ನು ತೆಗೆದುಬಿಡಿ, ಈಗ ನಮ್ಮ ಜೊತೆ ಇಲ್ಲ’, ‘ಕುರ್ಚಿ ಖಾಲಿ ಕಾಣ್ತಿದೆ, ಜನ ತುಂಬಿಸಿ’. ಕೇಳುವವರು ಪರಿಚಯದವರು, ಸ್ಟುಡಿಯೋಕ್ಕೆ ಕೆಲಸ ಕೊಡುವವರು. ಇಲ್ಲ ಅನ್ನುವುದು ಕಷ್ಟ.

ಹೇಳುವ ದಾರಿ ಹೀಗಿದೆ. ಅಲ್ಲೇ ನಿಂತು ಜಗಳ ಬೇಡ. ‘ಪತ್ರಿಕೆಗೆ ಹೋಗುವುದು ಇದ್ದ ಹಾಗೇ ಹೋಗುತ್ತದೆ. ನಿಮ್ಮ ಆಲ್ಬಂಗೆ ಬೇಕಾದರೆ ಬೇರೆ ಮಾಡಿಕೊಡುತ್ತೇನೆ, ಅದನ್ನು ಪತ್ರಿಕೆಗೆ ಕೊಡುವ ಹಾಗಿಲ್ಲ’ ಅಂತ ಮೊದಲೇ ಹೇಳಿ. ಆ ಆಲ್ಬಂ ಫೋಟೋದ ಮೇಲೆ ‘ತಿದ್ದಿದ್ದು’ ಅಂತ ಬರೆಯಿರಿ. ಗಣ್ಯರು ಬಂದ ಕೂಡಲೇ ಒಂದು, ಮಧ್ಯೆ ಒಂದು, ಕೊನೆಗೆ ಒಂದು ಅಂತ ವೇದಿಕೆ ಪೂರ್ತಿ ತೆಗೆದಿಟ್ಟುಕೊಂಡರೆ ಸೇರಿಸುವ ಮಾತೇ ಬರುವುದಿಲ್ಲ. ಯಾರೋ ಬಿಟ್ಟು ಹೋದರೆ ಹೆಸರನ್ನು ಸುದ್ದಿಯಲ್ಲಿ ಬರೆಯಬಹುದು, ದೇಹವನ್ನು ಫೋಟೋದಲ್ಲಿ ನಿಲ್ಲಿಸಬೇಕಿಲ್ಲ.

ತಪ್ಪು ಹೋಗಿಬಿಟ್ಟರೆ

2024ರ ಮಾರ್ಚ್‌ನಲ್ಲಿ ಬ್ರಿಟನ್ ಅರಮನೆ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಫೋಟೋ ಬಿಡುಗಡೆ ಮಾಡಿತು. ಮಗಳ ಕೈಗೂ ಸ್ವೆಟರ್ ತೋಳಿಗೂ ಹೊಂದುತ್ತಿರಲಿಲ್ಲ. ಎಪಿ, ರಾಯಿಟರ್ಸ್, ಎಎಫ್‌ಪಿ ಮೊದಲಾದ ಸುದ್ದಿಸಂಸ್ಥೆಗಳು ಅದೇ ದಿನ ಆ ಫೋಟೋ ಹಿಂದಕ್ಕೆ ತೆಗೆದುಕೊಂಡು, ಬಳಸಬೇಡಿ ಅಂತ ತಮ್ಮ ಗ್ರಾಹಕ ಪತ್ರಿಕೆಗಳಿಗೆಲ್ಲ ತಿಳಿಸಿದವು. ಸದ್ದಿಲ್ಲದೆ ಅಳಿಸಲಿಲ್ಲ, ಕಾರಣ ಹೇಳಿ ತೆಗೆದವು.

ಸಣ್ಣ ಗ್ರೂಪಿನವರೂ ಅಷ್ಟೇ ಮಾಡಬೇಕು. ಫೋಟೋ ಅಳಿಸಿ, ಮೊದಲು ಹಾಕಿದ ಎಲ್ಲ ಗ್ರೂಪ್‌ಗಳಲ್ಲೂ ತಿದ್ದುಪಡಿ ಹಾಕಿ, ಕಳಿಸಿಕೊಟ್ಟ ಪತ್ರಿಕೆಗೂ ಫೋನ್ ಮಾಡಿ ಹೇಳಿ. ಒಂದು ಮಾದರಿ: ‘ಇಂದು ಬೆಳಿಗ್ಗೆ ಹಾಕಿದ್ದ ಅಘನಾಶಿನಿ ನೆರೆಯ ಫೋಟೋ ಈ ವರ್ಷದ್ದಲ್ಲ. ಹಳೆಯ ಫೋಟೋ ಎಂದು ಓದುಗರೊಬ್ಬರು ತಿಳಿಸಿದರು. ತೆಗೆದುಹಾಕಿದ್ದೇವೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಇವತ್ತಿನ ನೀರಿನ ಮಟ್ಟದ ಫೋಟೋ, ತೆಗೆದ ಸಮಯದ ಜೊತೆ, ಕೆಳಗಿದೆ.’ ತಪ್ಪು ಫೋಟೋವನ್ನು ಮತ್ತೆ ತೋರಿಸಲೇಬೇಕಿದ್ದರೆ ಅದರ ಮೇಲೆ ಅಡ್ಡವಾಗಿ ‘ಇದು ಇವತ್ತಿನದಲ್ಲ’ ಅಂತ ದೊಡ್ಡದಾಗಿ ಬರೆದು ಹಾಕಿ.